ನರ್ಸಿಂಗ್ ಸೇರಿ ಮೂರು ತಿಂಗಳು: ಮಂಗಳೂರಿನಲ್ಲಿ ನಾನೊಬ್ಬಳೇ ಹೀಗೆಯೇ?

ಜೋಳದರೊಟ್ಟಿ · ಸೋಮವಾರ, ರಾತ್ರಿ 11.10

ಗದಗ ಜಿಲ್ಲೆಯ ಹಳ್ಳಿಯವಳು ನಾನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಿಯುಸಿ ವಿಜ್ಞಾನ. ಈಗ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೊದಲ ಸೆಮಿಸ್ಟರ್. ಕಾಲೇಜಿನ ಹೆಸರು ಕೇಳಬೇಡಿ, ಹೇಳುವುದಿಲ್ಲ.

ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಇಲ್ಲವಾದರೆ ಸ್ನಾನದ ಸರದಿ ಸಿಗುವುದಿಲ್ಲ. ಏಳೂವರೆಗೆ ವಾರ್ಡ್. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡು ತರಗತಿಗೆ ಓಡಿದರೆ ಅನಾಟಮಿ. ಮೇಡಂ ಹೇಳುವ ವೇಗಕ್ಕೆ ಕೈ ಬರೆಯುತ್ತದೆ, ತಲೆ ಹಿಂದೆಯೇ ಉಳಿಯುತ್ತದೆ. ಕುತ್ತಿಗೆಯ ಒಂದು ಸ್ನಾಯುವಿನ ಹೆಸರು ಸ್ಟರ್ನೋಕ್ಲೀಡೋಮ್ಯಾಸ್ಟಾಯ್ಡ್. ನಮ್ಮೂರಿನ ಮೇಲೆ ಹಾದುಹೋಗುವ ಯಾವ ಎಕ್ಸ್‌ಪ್ರೆಸ್ ರೈಲಿಗೂ ಇಷ್ಟು ಉದ್ದದ ಹೆಸರಿಲ್ಲ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಒಟ್ಟು ಅಂಕದ ಅರ್ಧದಷ್ಟೂ ಬರಲಿಲ್ಲ. ಪಿಯುಸಿಯಲ್ಲಿ ನಾನು ತರಗತಿಗೆ ಎರಡನೆಯವಳು.

ವಾರ್ಡ್‌ನಲ್ಲಿ ಇನ್ನೊಂದು ಕಷ್ಟ. ಕನ್ನಡ ನಾಡಿನಲ್ಲೇ ಇದ್ದೇನೆ, ಆದರೆ ರೋಗಿಗಳು ತುಳು, ಕೊಂಕಣಿ, ಬ್ಯಾರಿ ಮಾತನಾಡುತ್ತಾರೆ. ಕಳೆದ ವಾರ ಒಬ್ಬ ಅಜ್ಜಿ ‘ಬಂಜಿ ಬೇನೆ’ ಎಂದು ನರಳುತ್ತಿದ್ದರು. ನಮ್ಮ ಕಡೆ ಮಕ್ಕಳಾಗದವರಿಗೆ ಬಂಜಿ ಎನ್ನುತ್ತಾರೆ. ಪಾಪ, ಈ ವಯಸ್ಸಿನಲ್ಲೂ ಆ ಕೊರಗು ಹೋಗಿಲ್ಲವಲ್ಲ ಎಂದುಕೊಂಡು ಕೈ ಹಿಡಿದು ಸಮಾಧಾನ ಹೇಳಿದೆ. ಪಕ್ಕದ ಹಾಸಿಗೆಯವರು ನಗಲಾರಂಭಿಸಿದಾಗ ಗೊತ್ತಾಯಿತು, ಬಂಜಿ ಎಂದರೆ ಹೊಟ್ಟೆ.

ಅವ್ವ ದಿನಾ ರಾತ್ರಿ ಫೋನ್ ಮಾಡುತ್ತಾಳೆ. ಚೆನ್ನಾಗಿದ್ದೇನೆ ಎನ್ನುತ್ತೇನೆ. ಫೋನ್ ಇಟ್ಟ ಮೇಲೆ ಹಾಸ್ಟೆಲ್‌ನ ಮಹಡಿ ಮೆಟ್ಟಿಲಿನ ಮೇಲೆ ಕುಳಿತು ಅಳುತ್ತೇನೆ. ಬಿಟ್ಟು ಊರಿಗೆ ಹೋಗಿಬಿಡಲೇ ಎನಿಸುತ್ತಿದೆ. ಮೊದಲ ವರ್ಷ ಎಲ್ಲರಿಗೂ ಹೀಗೆಯೇ ಇರುತ್ತದೆಯೇ? ಇನ್ನೊಂದು ವಿಷಯವೂ ಇದೆ. ಅದನ್ನು ಬರೆಯಲು ಧೈರ್ಯ ಬರುತ್ತಿಲ್ಲ.

ಬಿಸಿಲೂರು · ಸೋಮವಾರ, ರಾತ್ರಿ 11.42

ರಾಯಚೂರಿನವಳು, ಇದೇ ಊರಿನಲ್ಲಿ ಮೂರನೆಯ ಸೆಮಿಸ್ಟರ್. ತಂಗಿ, ನೀನು ಬರೆದದ್ದರಲ್ಲಿ ‘ಗದಗ’ ಅಳಿಸಿ ‘ರಾಯಚೂರು’ ಬರೆದರೆ ನನ್ನ ಕಳೆದ ವರ್ಷವೇ ಆಗುತ್ತದೆ.

ಆ ಎಕ್ಸ್‌ಪ್ರೆಸ್ ರೈಲನ್ನು ಮೊದಲು ನಿಲ್ಲಿಸೋಣ. ಸ್ಟರ್ನಮ್ ಎಂದರೆ ಎದೆಯ ನಡುವಿನ ಮೂಳೆ. ಕ್ಲೀಡೋ ಎಂದರೆ ಕೊರಳ ಬುಡದ ಮೂಳೆ, ನಾವು ಕ್ಲಾವಿಕಲ್ ಎಂದು ಓದುತ್ತೇವಲ್ಲ ಅದು. ಮ್ಯಾಸ್ಟಾಯ್ಡ್ ಎಂದರೆ ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬು. ಈಗ ಕನ್ನಡಿಯ ಮುಂದೆ ನಿಂತು ಮುಖವನ್ನು ಬಲಕ್ಕೆ ತಿರುಗಿಸು. ಎಡಗಡೆ ಹಗ್ಗದಂತೆ ಎದ್ದು ನಿಲ್ಲುತ್ತದೆ ನೋಡು, ಅದೇ. ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದು ಹೆಸರಿನಲ್ಲೇ ಇದೆ. ಅದು ಹೆಸರಲ್ಲ, ವಿಳಾಸ.

ನಾನು ಇನ್ನೂರು ಪುಟದ ಒಂದು ನೋಟ್ ಪುಸ್ತಕದಲ್ಲಿ ಬರೀ ತುಂಡುಗಳನ್ನು ಬರೆದಿಟ್ಟೆ. ಟ್ಯಾಕಿ ಬಂದರೆ ವೇಗ, ಬ್ರ್ಯಾಡಿ ಬಂದರೆ ನಿಧಾನ, ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ, ಎಕ್ಟಮಿ ಬಂದರೆ ಕತ್ತರಿಸಿ ತೆಗೆದದ್ದು, ಹೈಪೋ ಕಡಿಮೆ, ಹೈಪರ್ ಹೆಚ್ಚು. ನೂರು ತುಂಡು ಕಲಿತರೆ ಸಾವಿರ ಪದ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಅರ್ಥವನ್ನು ಕನ್ನಡದಲ್ಲೇ ಬರೆದುಕೊ, ನಾಚಿಕೆ ಬೇಡ. ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲಿ ಬರೆಯುವ ಅಭ್ಯಾಸ ಬೇರೆ, ಅರ್ಥ ಮಾಡಿಕೊಳ್ಳುವ ಭಾಷೆ ಬೇರೆ.

ಕುಚ್ಚಲಕ್ಕಿಗೆ ಒಂದು ವರ್ಷ ಬೇಕು. ಈಗ ಊರಿಗೆ ಹೋದರೆ ನನಗೆ ಬಿಳಿ ಅನ್ನವೇ ಸಪ್ಪೆ ಎನಿಸುತ್ತದೆ, ಅವ್ವನಿಗೆ ಸಿಟ್ಟು. ಸದ್ಯಕ್ಕೆ ಊರಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತರಿಸಿಕೊ. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಇಲ್ಲಿಯ ಗಾಳಿಗೆ ಖಡಕ್ ರೊಟ್ಟಿ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ.

ಮಲ್ಪೆ_ಬೂತಾಯಿ · ಮಂಗಳವಾರ, ಬೆಳಿಗ್ಗೆ 6.05

ಉಡುಪಿ ಕಡೆಯ ಗಂಡು ನರ್ಸಿಂಗ್ ವಿದ್ಯಾರ್ಥಿ, ಕೊನೆಯ ವರ್ಷ. ಬಂಜಿಯ ಕಥೆ ಓದಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ, ಕಂಡಕ್ಟರ್ ಒಂದು ಥರ ನೋಡಿದ.

ತುಳು ಕಲಿಯಲು ಹೆದರಬೇಡಿ. ನಿಮ್ಮ ಬ್ಯಾನಿಯೂ ನಮ್ಮ ಬೇನೆಯೂ ಒಂದೇ. ವಾರ್ಡ್‌ಗೆ ಇಷ್ಟು ಸಾಕು: ‘ಎಂಚ ಉಲ್ಲರ್?’ ಹೇಗಿದ್ದೀರಿ. ‘ಓಲು ಬೇನೆ?’ ಎಲ್ಲಿ ನೋವು. ‘ವನಸ್ ಆಂಡಾ?’ ಊಟವಾಯಿತೇ. ತರೆ ತಲೆ, ಬೆರಿ ಬೆನ್ನು, ಕಾರ್ ಕಾಲು. ಬಂಜಿ ನಿಮಗೆ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ. ‘ಪೋಡಿಯೊಡ್ಚಿ’ ಎಂದರೆ ಹೆದರಬೇಡಿ. ಇದನ್ನು ರೋಗಿಗೆ ಹೇಳುವಾಗ ನಾನು ನನಗೂ ಹೇಳಿಕೊಳ್ಳುತ್ತಿದ್ದೆ. ಕೊಂಕಣಿಯವರಾದರೆ ‘ಖಂಯ್ ದುಕ್ತಾ?’ ಎನ್ನಿ. ಉಚ್ಚಾರ ತಪ್ಪಿದರೆ ಅವರು ತಿದ್ದುತ್ತಾರೆ, ತಿದ್ದುತ್ತಾ ಸ್ವಲ್ಪ ಹೊತ್ತು ನೋವು ಮರೆಯುತ್ತಾರೆ.

ನನ್ನ ಮೊದಲ ವರ್ಷದ ಮರ್ಯಾದೆಯ ಕಥೆ ಕೇಳಿ. ಸಕ್ಕರೆ ಕಾಯಿಲೆಯವರೊಬ್ಬರ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ನೋಡಲು ನಿಂತಿದ್ದೆ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು, ಕಣ್ಣು ಮುಂದೆ ಕಪ್ಪು. ಎಚ್ಚರವಾದಾಗ ನಾನು ನೆಲದ ಮೇಲೆ, ಆ ರೋಗಿಯೇ ಮಂಚದಿಂದ ಬಗ್ಗಿ ‘ಸಿಸ್ಟರನ್ನು ಕರೆಯಿರಿ, ಹುಡುಗ ಬಿದ್ದ’ ಎಂದು ಕೂಗುತ್ತಿದ್ದಾರೆ. ಇದು ಹೇಡಿತನವಲ್ಲ. ವೇಗಸ್ ಎಂಬ ನರ ಒಮ್ಮೆಲೇ ಜೋರು ಮಾಡಿದಾಗ ನಾಡಿ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ, ಮಿದುಳಿಗೆ ರಕ್ತ ಸಾಲದೆ ಬೀಳುತ್ತೇವೆ. ಹೊಟ್ಟೆ ತುಂಬಿಸಿಕೊಂಡು ಹೋಗಿ. ಮೊಣಕಾಲನ್ನು ಸೆಟೆದು ನಿಲ್ಲಬೇಡಿ. ಕಿವಿ ಗುಂಯ್ ಎಂದ ಕ್ಷಣ ಯಾರ ಅನುಮತಿಗೂ ಕಾಯದೆ ನೆಲಕ್ಕೆ ಕುಳಿತುಬಿಡಿ. ಕುಳಿತವನಿಗೆ ಬೀಳಲು ಜಾಗವಿಲ್ಲ.

ನೀವು ಇನ್ನೂ ಜೂನ್ ನೋಡಿಲ್ಲ ಎಂಬುದನ್ನೂ ನೆನಪಿಸುತ್ತೇನೆ. ಬಿಳಿ ಸಮವಸ್ತ್ರ, ಮೂರು ದಿನ ಬಿಡದ ಮಳೆ, ಹಾಸ್ಟೆಲ್‌ನ ಒಂದೇ ಹಗ್ಗ. ಅದರ ಮುಂದೆ ಅನಾಟಮಿ ಏನೂ ಅಲ್ಲ.

ಅಡಿಕೆತೋಟ · ಮಂಗಳವಾರ, ಮಧ್ಯಾಹ್ನ 1.20

ನನ್ನ ಮಗಳು ಉಡುಪಿಯಲ್ಲಿ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಎರಡನೆಯ ವರ್ಷ. ಅಪ್ಪನಾಗಿ ಎರಡು ಮಾತು. ಮಕ್ಕಳು ‘ಚೆನ್ನಾಗಿದ್ದೇನೆ’ ಎನ್ನುವುದು ನಮಗೆ ಗೊತ್ತಾಗುವುದಿಲ್ಲ ಎಂದು ತಿಳಿಯಬೇಡ ಮಗಳೇ. ದನಿಯಲ್ಲೇ ತಿಳಿಯುತ್ತದೆ. ನಿನ್ನ ತಾಯಿಗೂ ತಿಳಿದಿರುತ್ತದೆ, ನೀನಾಗಿಯೇ ಹೇಳಲಿ ಎಂದು ಕಾಯುತ್ತಿರುತ್ತಾಳೆ.

ಇನ್ನೊಂದು, ಇದನ್ನು ಓದುವ ಬೇರೆ ಪೋಷಕರಿಗೆ. ನಮ್ಮನ್ನು ಒಬ್ಬ ಏಜೆಂಟ್ ಮೊದಲು ಬೇರೆ ಕಡೆಗೆ ಕರೆದೊಯ್ದಿದ್ದ. ಹಾಸ್ಟೆಲ್ ಸೇರಿ ಇಷ್ಟೇ ಎಂದ ಮೊತ್ತ ಪ್ರವೇಶದ ದಿನ ಒಂದೂವರೆ ಪಟ್ಟಾಯಿತು. ಅಂಕಪಟ್ಟಿಯ ಮೂಲ ಪ್ರತಿ ಕೈಯಲ್ಲೇ ಇದ್ದುದರಿಂದ ಎದ್ದು ಬಂದೆವು. ಹಣ ಕಟ್ಟುವ ಮೊದಲು ಕಾಲೇಜಿಗೆ ರಾಜ್ಯದ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಬಿ.ಎಸ್ಸಿ. ಆದರೆ ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಎಂದು ನೀವೇ ನೋಡಿ. ಶುಲ್ಕದ ಪಟ್ಟಿಯನ್ನು ಕಾಗದದಲ್ಲಿ ಕೇಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌.ಎಸ್‌.ಪಿ. ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಮರೆಯಬೇಡಿ, ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಓಡಾಡಿ ಸಾಕಾಗುತ್ತದೆ.

ಅರ್ಧದಾರಿ · ಮಂಗಳವಾರ, ಸಂಜೆ 7.30

ಇಲ್ಲಿ ಎಲ್ಲರೂ ‘ತಾಳಿಕೋ’ ಎನ್ನುತ್ತೀರಿ. ತಾಳದೆ ಬಿಟ್ಟವಳ ಮಾತೂ ಒಂದಿರಲಿ.

ಮೊದಲ ವರ್ಷ ಮುಗಿಸಿ ನರ್ಸಿಂಗ್ ಬಿಟ್ಟೆ. ಈಗ ಮಂಗಳೂರಿನಲ್ಲೇ ಒಂದು ಲ್ಯಾಬಿನ ಕೌಂಟರಿನಲ್ಲಿದ್ದೇನೆ, ಸುಖವಾಗಿದ್ದೇನೆ. ಬಿಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ. ಬಿಟ್ಟ ರೀತಿಗೆ ಇದೆ. ಒಂದು ಕೆಟ್ಟ ರಾತ್ರಿ ಚೀಲ ತುಂಬಿಕೊಂಡು ಬಸ್ ಹತ್ತಿದೆ. ಶುಲ್ಕ ಹೋಯಿತು, ಪ್ರಮಾಣಪತ್ರಗಳಿಗಾಗಿ ಏಳು ತಿಂಗಳು ಅಲೆದೆ. ಅಪ್ಪ ಇವತ್ತಿಗೂ ನೆಂಟರ ಮುಂದೆ ‘ರಜೆಯಲ್ಲಿದ್ದಾಳೆ’ ಎನ್ನುತ್ತಾರೆ. ಬಿಡಬೇಕೆಂದರೆ ಬಿಡಿ, ಆದರೆ ಹೊಟ್ಟೆ ತುಂಬಿದ, ನಿದ್ದೆ ಆದ ಒಂದು ಹಗಲಿನಲ್ಲಿ ಕುಳಿತು ತೀರ್ಮಾನಿಸಿ. ಆಗಲೂ ಬೇಡ ಎನಿಸಿದರೆ ಅದು ನಿಜ.

ರಾತ್ರಿ ಅಳು ನಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಸರ್ಕಾರದ್ದು, ಹಣವಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ನಾನು ಇದ್ದಾಗ ಇದು ಇರಲಿಲ್ಲ.

ಬಿಳಿಟೊಪ್ಪಿ · ಮಂಗಳವಾರ, ರಾತ್ರಿ 8.15

ಮೂವತ್ತೊಂದು ವರ್ಷ ವಾರ್ಡ್‌ನಲ್ಲಿದ್ದು ನಿವೃತ್ತಳಾದವಳು. ಅದರಲ್ಲಿ ಹದಿನೆಂಟು ವರ್ಷ ವಾರ್ಡ್ ಸಿಸ್ಟರ್. ನಮ್ಮ ಕಾಲದಲ್ಲಿ ಗಾಜಿನ ಸಿರಿಂಜ್. ಅದನ್ನು ಕುದಿಸಿ, ಆರಿಸಿ, ಮತ್ತೆ ಬಳಸುತ್ತಿದ್ದೆವು. ಒಡೆದರೆ ನಮ್ಮ ಸ್ಟೈಪೆಂಡಿನಿಂದ ಮುರಿದುಕೊಳ್ಳುತ್ತಿದ್ದರು. ಈಗಿನ ಮಕ್ಕಳಿಗೆ ಕಷ್ಟವಿಲ್ಲ ಎಂದು ನಾನು ಹೇಳುವುದಿಲ್ಲ. ನಮಗೆ ಕಷ್ಟ ಬೇರೆ ಇತ್ತು, ಅಷ್ಟೇ. ನಮ್ಮ ತಲೆಯ ಮೇಲೆ ಇಷ್ಟೊಂದು ಪತ್ರಿಕೆಗಳ ಪಠ್ಯಕ್ರಮ ಇರಲಿಲ್ಲ, ಗಂಜಿ ಹಾಕಿ ಸೆಟೆಸಿದ ಟೊಪ್ಪಿ ಇತ್ತು.

ಅರ್ಧದಾರಿ ಹೇಳಿದ್ದು ಸರಿ, ಆದರೆ ಒಂದು ಸೇರಿಸುತ್ತೇನೆ. ಮೊದಲ ಸೆಮಿಸ್ಟರಿನ ಪರೀಕ್ಷೆ ಬರೆಯದೆ ತೀರ್ಮಾನಿಸಬೇಡ. ನಿನಗೆ ಇನ್ನೂ ನರ್ಸಿಂಗ್ ಎದುರಾಗಿಲ್ಲ. ಎದುರಾದದ್ದು ಹಾಸ್ಟೆಲ್, ಇಂಗ್ಲಿಷ್ ಮತ್ತು ಸೆಕೆ.

ಈಗ ಎರಡು ಪ್ರಶ್ನೆ. ಹೆಪಟೈಟಿಸ್ ಬಿ ಲಸಿಕೆ ಶುರುವಾಗಿದೆಯೇ? ಮೊದಲನೆಯದು, ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ವಾರ್ಡ್‌ಗೆ ಕಾಲಿಡುವ ಮೊದಲೇ ಶುರುವಾಗಬೇಕಿತ್ತು. ಎರಡನೆಯದು, ‘ಬರೆಯಲು ಧೈರ್ಯ ಬರುತ್ತಿಲ್ಲ’ ಎಂದೆಯಲ್ಲ, ಅದೇನಮ್ಮ?

ಜೋಳದರೊಟ್ಟಿ · ಮಂಗಳವಾರ, ರಾತ್ರಿ 11.55

ಲಸಿಕೆ ಎರಡು ಆಗಿದೆ ಸಿಸ್ಟರ್.

ಇನ್ನೊಂದು ವಿಷಯ ಬರೆಯುತ್ತೇನೆ. ಮೂರು ಸಲ ಬರೆದು ಅಳಿಸಿದೆ.

ನನಗೆ ಬಿ.ಪಿ. ಕೇಳಿಸುವುದಿಲ್ಲ, ಅಳೆಯುವಾಗ ಸ್ಟೆತಾಸ್ಕೋಪಿನಲ್ಲಿ ಬರಬೇಕಾದ ಸದ್ದೇ ಸಿಗುವುದಿಲ್ಲ. ಲ್ಯಾಬಿನಲ್ಲಿ ಗೆಳತಿಯರ ಕೈಗೆ ಕಟ್ಟಿ ಕಲಿತಾಗ ಎಲ್ಲರೂ ‘ಕೇಳಿಸಿತು, ಕೇಳಿಸಿತು’ ಎಂದರು. ನಾನೂ ಕೇಳಿಸಿತು ಎಂದೆ. ಕೇಳಿಸಿರಲಿಲ್ಲ. ಆಮೇಲೆ ಕೇಳಲು ನಾಚಿಕೆಯಾಯಿತು. ವಾರ್ಡ್‌ನಲ್ಲಿ ನನಗೆ ಆರು ಹಾಸಿಗೆ ಕೊಟ್ಟರು. ಮೊದಲನೆಯವರು ಅದೇ ಬಂಜಿ ಬೇನೆಯ ಅಜ್ಜಿ. ಬೀಡಿ ಕಟ್ಟುತ್ತಿದ್ದರಂತೆ, ಬೆರಳ ತುದಿ ಇನ್ನೂ ಗಟ್ಟಿ. ಪಟ್ಟಿ ಕಟ್ಟಿ ಗಾಳಿ ತುಂಬಿದೆ, ಬಿಟ್ಟೆ, ಏನೂ ಇಲ್ಲ. ಮೇಲೆ ಫ್ಯಾನಿನ ಸದ್ದು. ಮತ್ತೊಮ್ಮೆ. ಮತ್ತೊಮ್ಮೆ. ಅಜ್ಜಿಯ ಕೈ ಕೆಂಪಾಯಿತು, ಆದರೂ ಒಂದು ಮಾತು ಆಡಲಿಲ್ಲ. ಹಿಂದೆ ಸಹಪಾಠಿ ಅದೇ ಉಪಕರಣಕ್ಕಾಗಿ ಕಾಯುತ್ತಿದ್ದಳು. 120/80 ಎಂದು ಬರೆದೆ.

ಮರುದಿನ ಅನುಮಾನ ಬಾರದಿರಲಿ ಎಂದು 118/78 ಬರೆದೆ. ಉಳಿದ ಐವರಿಗೂ ಹೀಗೆಯೇ ಏನೇನೋ. ಒಂಬತ್ತು ದಿನವಾಯಿತು. ಯಾರೂ ಕೇಳಲಿಲ್ಲ. ಅದೇ ಹೆಚ್ಚು ಭಯ. ಅಂಕ ಕಡಿಮೆ ಬಂದದ್ದಕ್ಕೆ ನಾನು ಅಳುತ್ತಿಲ್ಲ.

ಮಲ್ಪೆ_ಬೂತಾಯಿ · ಬುಧವಾರ, ಬೆಳಿಗ್ಗೆ 6.10

ಅಯ್ಯೋ, ಇಷ್ಟೇನಾ? ಮೊದಲ ವರ್ಷದಲ್ಲಿ ಬರೆಯದವರು ಯಾರಿದ್ದಾರೆ? ನಮ್ಮ ಬ್ಯಾಚಿನಲ್ಲಿ ಅರ್ಧ ಜನ ಹಾಗೆಯೇ ದಾಟಿದ್ದು. ಕೇಳಿಸುವ ದಿನ ತಾನಾಗಿಯೇ ಬರುತ್ತದೆ. ಸುಮ್ಮನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಅಡಿಕೆತೋಟ · ಬುಧವಾರ, ಬೆಳಿಗ್ಗೆ 7.02

ಆ ಹಾಸಿಗೆಯಲ್ಲಿ ನನ್ನ ಅಮ್ಮ ಇದ್ದಿದ್ದರೆ?

ಬಿಳಿಟೊಪ್ಪಿ · ಬುಧವಾರ, ಬೆಳಿಗ್ಗೆ 9.40

ಬೂತಾಯಿ, ನೀನು ಮುಂದಿನ ವರ್ಷ ಸ್ಟಾಫ್ ನರ್ಸ್ ಆಗುತ್ತೀಯ. ನಿನ್ನ ಕೈಕೆಳಗಿನ ವಿದ್ಯಾರ್ಥಿ ಹೀಗೆ ಬರೆದರೆ ಅವಳ ಬೆನ್ನು ತಟ್ಟುತ್ತೀಯಾ? ಎಲ್ಲರೂ ಮಾಡುತ್ತಾರೆ ಎಂಬುದು ನನಗೂ ಗೊತ್ತು. ಅದರಿಂದಲೇ ನನಗೆ ಸಿಟ್ಟು.

ಒಂದು ಹೇಳುತ್ತೇನೆ. ಯಾವ ಆಸ್ಪತ್ರೆಯ ಚಾರ್ಟ್ ಬೇಕಾದರೂ ತೆಗೆದು ನೋಡಿ, ಉಸಿರಾಟದ ಕಾಲಂನಲ್ಲಿ ಸಾಲಾಗಿ 20, 20, 20 ಇರುತ್ತದೆ. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20, ಆದ್ದರಿಂದ 20 ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ನನ್ನ ವಾರ್ಡ್‌ನಲ್ಲೂ ಹಾಗೆ ಇತ್ತು. ಸಂಜೆ ಆರಕ್ಕೆ 20, ರಾತ್ರಿ ಹತ್ತಕ್ಕೆ 20. ಹನ್ನೊಂದಕ್ಕೆ ನಾನು ಸುತ್ತು ಬಂದಾಗ ಆ ಮನುಷ್ಯನ ಹೊದಿಕೆ ಏರಿಳಿಯುತ್ತಿದ್ದ ರೀತಿ ದೂರದಿಂದಲೇ ಕಂಡಿತು. ಗಡಿಯಾರ ಹಿಡಿದು ಪೂರ್ತಿ ನಿಮಿಷ ಎಣಿಸಿದೆ, 36. ಸೋಂಕು ಮೈಗೆಲ್ಲ ಏರಿತ್ತು. ಅವರು ಉಳಿದರು, ನಮ್ಮ ಪುಣ್ಯ. ಬರೆದ ಹುಡುಗಿ ಕೆಟ್ಟವಳಲ್ಲ. ಜಾಣೆ. ಎರಡು ನಿಮಿಷ ಉಳಿಸಿದ್ದಳು.

ವೈದ್ಯರು ಚಾರ್ಟ್ ನೋಡಿ ಮಾತ್ರೆ ಬರೆಯುತ್ತಾರೆ, ಅಜ್ಜಿಯ ಮುಖ ನೋಡಿ ಅಲ್ಲ. ಖಾಲಿ ಬಿಟ್ಟಿದ್ದರೆ ಯಾರಾದರೂ ‘ಏಕೆ ಖಾಲಿ’ ಎಂದು ಕೇಳುತ್ತಿದ್ದರು, ಮತ್ತೆ ನೋಡುತ್ತಿದ್ದರು. ಸುಳ್ಳು ಅಂಕಿ ಆ ಪ್ರಶ್ನೆಯ ಬಾಯಿಯನ್ನೇ ಮುಚ್ಚುತ್ತದೆ.

ಜೋಳದರೊಟ್ಟಿ, ನಾಳೆ ಪಾಳಿ ಶುರುವಾಗುವ ಮೊದಲು ನಿನ್ನ ಕ್ಲಿನಿಕಲ್ ಮೇಡಂ ಬಳಿ ಹೋಗು. ಗೆಳತಿಯರನ್ನು ಕರೆದುಕೊಂಡು ಹೋಗಬೇಡ. ಅಳಬೇಡ, ಅತ್ತರೆ ಅವರು ನಿನ್ನನ್ನು ಸಮಾಧಾನಪಡಿಸಬೇಕಾಗುತ್ತದೆ, ವಿಷಯ ಹಿಂದೆ ಬೀಳುತ್ತದೆ. ‘ನನಗೆ ಬಿ.ಪಿ. ಕೇಳಿಸುತ್ತಿಲ್ಲ. ಈ ಆರು ಹಾಸಿಗೆಗಳಿಗೆ ನಾನು ಬರೆದದ್ದು ನಿಜವಲ್ಲ. ಈಗಲೇ ಮತ್ತೆ ನೋಡಬೇಕು.’ ಇಷ್ಟೇ. ಬೈಯುತ್ತಾರೆ. ಬೈಸಿಕೊ.

ಕಾಪು_ದೀಪಸ್ತಂಭ · ಬುಧವಾರ, ಮಧ್ಯಾಹ್ನ 2.30

ನರ್ಸಿಂಗ್ ಕಾಲೇಜಿನಲ್ಲಿ ಕಲಿಸುವವಳು. ಮೊದಲೇ ಒಂದು ಎಚ್ಚರಿಕೆ: ರೋಗಿಯ ಬಗ್ಗೆ ಇಲ್ಲಿ ಬರೆದದ್ದು ಇಷ್ಟಕ್ಕೇ ನಿಲ್ಲಲಿ. ಹೆಸರು, ಹಾಸಿಗೆ ಸಂಖ್ಯೆ, ಆಸ್ಪತ್ರೆ ಯಾವುದೂ ಬರಬಾರದು.

ಬಿಳಿಟೊಪ್ಪಿಯವರ ಮಾತಿಗೆ ನನ್ನ ಸಹಿಯೂ ಇರಲಿ. ಆದರೆ ತಪ್ಪು ವಿದ್ಯಾರ್ಥಿಯದಷ್ಟೇ ಅಲ್ಲ. ಮೂವತ್ತು ಮಕ್ಕಳಿಗೆ ಒಂದು ಮಧ್ಯಾಹ್ನ ಬಿ.ಪಿ. ಕಲಿಸಿ, ‘ಎಲ್ಲರಿಗೂ ಕೇಳಿಸಿತೇ?’ ಎಂದು ಒಟ್ಟಿಗೆ ಕೇಳುವವರು ನಾವು. ಒಟ್ಟಿಗೆ ಕೇಳಿದರೆ ಒಟ್ಟಿಗೆ ‘ಹೌದು’ ಬರುತ್ತದೆ. ಮೊದಲ ಸೆಮಿಸ್ಟರಿನವಳಿಗೆ ಮೇಲ್ವಿಚಾರಣೆಯಿಲ್ಲದೆ ಆರು ಹಾಸಿಗೆ ಕೊಟ್ಟವರಿಗೂ ಇದರಲ್ಲಿ ಪಾಲಿದೆ.

ಈಗ ಕೇಳಿಸದಿರುವ ಬಗ್ಗೆ. ಕಿವಿ ಕೆಟ್ಟಿರುವುದು ಅಪರೂಪ, ಸಾಮಾನ್ಯವಾಗಿ ಕಾರಣ ಚಿಕ್ಕದು. ಸ್ಟೆತಾಸ್ಕೋಪಿನ ಕಿವಿಗೂಟಗಳು ಮುಂದಕ್ಕೆ, ಮೂಗಿನ ಕಡೆಗೆ ಬಾಗಿರಬೇಕು. ತಿರುಗಿಸಿ ಹಾಕಿಕೊಂಡರೆ ದಾರಿ ಮುಚ್ಚಿದಂತೆ. ಎರಡು ಮುಖದ ಸ್ಟೆತಾಸ್ಕೋಪ್ ಆದರೆ ಅದರ ತಲೆ ತಿರುಗುತ್ತದೆ, ಒಂದು ಸಲಕ್ಕೆ ಒಂದು ಮುಖ ಮಾತ್ರ ತೆರೆದಿರುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ, ಸದ್ದು ಬರದಿದ್ದರೆ ಅರ್ಧ ಸುತ್ತು ತಿರುಗಿಸಿ. ಸೀರೆಯ ರವಿಕೆಯ ತೋಳಿನ ಮೇಲೆ ಪಟ್ಟಿ ಕಟ್ಟಬೇಡಿ. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಮೂರು ಸೆಂಟಿಮೀಟರ್ ಮೇಲಿರಲಿ. ಮಡಿಕೆಯ ಒಳಬದಿಯಲ್ಲಿ, ಕಿರುಬೆರಳಿನ ಕಡೆಗೆ, ನಾಡಿಯನ್ನು ಬೆರಳಿನಿಂದ ಮೊದಲು ಹುಡುಕಿ, ಆಮೇಲೆ ಅದರ ಮೇಲೆಯೇ ಸ್ಟೆತಾಸ್ಕೋಪ್ ಇಡಿ. ಹೆಚ್ಚಿನವರು ಮಡಿಕೆಯ ನಟ್ಟನಡುವೆ ಎಲ್ಲೋ ಇಟ್ಟು ಕಾಯುತ್ತಾರೆ.

ಕಿವಿಯನ್ನು ನಂಬುವ ಮೊದಲು ಬೆರಳನ್ನು ನಂಬಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ. ನಾಡಿ ಯಾವ ಅಂಕಿಯಲ್ಲಿ ಮಾಯವಾಯಿತೋ ಅದು ಸುಮಾರಾಗಿ ಮೇಲಿನ ಒತ್ತಡ. ಪೂರ್ತಿ ಗಾಳಿ ಬಿಟ್ಟು, ಅರ್ಧ ನಿಮಿಷ ಕಾದು, ಈ ಸಲ ಅದಕ್ಕಿಂತ 30 ಹೆಚ್ಚು ತುಂಬಿ, ಸೆಕೆಂಡಿಗೆ ಎರಡು ಮೂರು ಮಿಲಿಮೀಟರಿನಂತೆ ಇಳಿಸಿ. ಮೊದಲ ಟಕ್ ಸದ್ದು ಮೇಲಿನದು, ಸದ್ದು ಪೂರ್ತಿ ನಿಲ್ಲುವುದು ಕೆಳಗಿನದು. ಕೊರೊಟ್ಕಾಫ್ ಎಂಬ ರಷ್ಯಾದ ಶಸ್ತ್ರವೈದ್ಯ 1905ರಲ್ಲಿ ಈ ಸದ್ದುಗಳನ್ನು ವಿವರಿಸುವವರೆಗೆ ಬೆರಳಿನಿಂದಲೇ ನೋಡುತ್ತಿದ್ದರು, ಮೇಲಿನ ಒತ್ತಡ ಮಾತ್ರ ಸಿಗುತ್ತಿತ್ತು. ಆದ್ದರಿಂದ ಸದ್ದು ಸಿಗದಿದ್ದರೆ ಬೆರಳಿಗೆ ಸಿಕ್ಕಿದ್ದನ್ನು ‘ಪಾಲ್ಪೇಟರಿ’ ಎಂದು ನಮೂದಿಸಿ ಬರೆಯಬಹುದು. ಅದು ಪ್ರಾಮಾಣಿಕ ಅಂಕಿ.

ಎರಡು ಜೋಡಿ ಕಿವಿಗೂಟಗಳಿರುವ ಕಲಿಕೆಯ ಸ್ಟೆತಾಸ್ಕೋಪ್ ಇರುತ್ತದೆ, ಇಬ್ಬರೂ ಒಂದೇ ಸದ್ದು ಕೇಳಬಹುದು. ನಿಮ್ಮ ಲ್ಯಾಬಿನಲ್ಲಿ ಇದೆಯೇ ಎಂದು ಕೇಳಿ.

ಅಂಕಗಳ ಬಗ್ಗೆ ಒಂದೇ ಮಾತು. ಇಂಗ್ಲಿಷ್ ಬಿಟ್ಟರೆ ಥಿಯರಿಯಲ್ಲೂ ಪ್ರಾಯೋಗಿಕದಲ್ಲೂ ಬೇರೆಬೇರೆಯಾಗಿ ಶೇ. 50 ಬೇಕು. ಪರೀಕ್ಷೆಗೆ ಕುಳಿತುಕೊಳ್ಳಲು ಶೇ. 80 ಹಾಜರಾತಿ ಬೇಕು, ವಾರ್ಡ್‌ನ ಹಾಜರಾತಿಯಂತೂ ಪದವಿ ಕೈಗೆ ಬರುವಷ್ಟರಲ್ಲಿ ನೂರಕ್ಕೆ ನೂರು ಆಗಲೇಬೇಕು. ಅಳು ಬಂದ ದಿನವೂ ವಾರ್ಡ್ ತಪ್ಪಿಸಬೇಡಿ.

ಬಿಸಿಲೂರು · ಶುಕ್ರವಾರ, ರಾತ್ರಿ 9.20

ತಂಗಿ, ಎರಡು ದಿನವಾಯಿತು. ಎಲ್ಲಿದ್ದೀಯ?

ಮಲ್ಪೆ_ಬೂತಾಯಿ · ಶುಕ್ರವಾರ, ರಾತ್ರಿ 9.48

ಸಿಸ್ಟರ್ ಬೈದ ಮೇಲೆ ಎರಡು ದಿನದಿಂದ ಉಸಿರಾಟವನ್ನು ಪೂರ್ತಿ ನಿಮಿಷ ಎಣಿಸುತ್ತಿದ್ದೇನೆ. ಹನ್ನೆರಡು ಹಾಸಿಗೆಯಲ್ಲಿ 20 ಬಂದದ್ದು ಒಬ್ಬರಿಗೆ.

ಜೋಳದರೊಟ್ಟಿ · ಶನಿವಾರ, ಸಂಜೆ 6.30

ಹೇಳಿದೆ.

ಗುರುವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಲಿನೆನ್ ಇಡುವ ಕೋಣೆಯ ಬಾಗಿಲಲ್ಲಿ. ಸಿಸ್ಟರ್ ಬರೆದುಕೊಟ್ಟ ಮೂರು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಅತ್ತೇಬಿಟ್ಟೆ. ಮೇಡಂ ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ‘ಉಪಕರಣ ತಾ’ ಎಂದರು.

ಅಜ್ಜಿಯ ಹಾಸಿಗೆಯ ಬಳಿ ನನ್ನ ಸ್ಟೆತಾಸ್ಕೋಪಿನ ತಲೆಯನ್ನು ಬೆರಳಿನಿಂದ ತಟ್ಟಿ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ಅರ್ಧ ಸುತ್ತು ತಿರುಗಿಸಿ ಮತ್ತೆ ತಟ್ಟಿದರು. ಡಬ್ ಡಬ್ ಎಂದಿತು, ನಾನು ಬೆಚ್ಚಿಬಿದ್ದೆ. ಮೂರು ತಿಂಗಳಿನಿಂದ ಮುಚ್ಚಿದ ಮುಖವನ್ನು ಇಟ್ಟುಕೊಂಡು ಕೇಳುತ್ತಿದ್ದೆ. ದೀಪಸ್ತಂಭ ಮೇಡಂ ಬರೆದದ್ದನ್ನು ಹಿಂದಿನ ರಾತ್ರಿ ಓದಿದ್ದೆ, ಆದರೂ ನನ್ನದು ಅಷ್ಟು ಸಣ್ಣ ಕಾರಣವಾಗಿರಲಾರದು ಎಂದುಕೊಂಡಿದ್ದೆ.

ಅಜ್ಜಿಗೆ 164/98. ಎರಡು ಸಲ ನೋಡಿದರು. ಸ್ಟಾಫ್ ಸಿಸ್ಟರ್ ಡಾಕ್ಟರಿಗೆ ಹೇಳಿದರು, ಮಧ್ಯಾಹ್ನ ಮಾತ್ರೆ ಬದಲಾಯಿತು. ಉಳಿದ ಐವರಲ್ಲಿ ನಾಲ್ವರದ್ದು ಹೆಚ್ಚು ವ್ಯತ್ಯಾಸವಿರಲಿಲ್ಲ, ಒಬ್ಬರದ್ದು ನಾನು ಬರೆದದ್ದಕ್ಕಿಂತ ತೀರ ಕಡಿಮೆ. ನಾನು ಬರೆದ ಅಂಕಿಗಳ ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವಂತೆ, ಪಕ್ಕದಲ್ಲಿ ಸಹಿ ಹಾಕಿಸಿದರು. ವೈಟ್ನರ್ ಮುಟ್ಟಬಾರದಂತೆ. ಒಂಬತ್ತು ದಿನದ ಗೆರೆಗಳು. ಅಷ್ಟು ಸಹಿ ನಾನು ಪ್ರವೇಶದ ದಿನವೂ ಹಾಕಿರಲಿಲ್ಲ.

ಶಿಕ್ಷೆಯೂ ಆಯಿತು. ಎರಡು ವಾರ ಸಂಜೆ ಲ್ಯಾಬ್, ದಿನಕ್ಕೆ ಹತ್ತು ಜನರ ಬಿ.ಪಿ. ನೋಡಿ ತೋರಿಸಬೇಕು. ಮನೆಗೂ ಪತ್ರ ಹೋಗುತ್ತದೆ ಎಂದರು, ಅದಕ್ಕೆ ಮೊದಲು ನಾನೇ ಅವ್ವನಿಗೆ ಹೇಳಿದೆ. ಅಡಿಕೆತೋಟದ ಅಣ್ಣ ಹೇಳಿದಂತೆಯೇ ಆಯಿತು. ‘ಏನೋ ಇದೆ ಅಂತ ಗೊತ್ತಿತ್ತು’ ಎಂದಳು. ಆಮೇಲೆ, ಅಜ್ಜಿ ಹೇಗಿದ್ದಾರೆ ಎಂದು ಕೇಳಿದಳು. ನನ್ನ ಬಗ್ಗೆ ಕೇಳಲಿಲ್ಲ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಮೇಡಂ ಈಗ ಎಲ್ಲರ ಚಾರ್ಟ್ ಮತ್ತೆ ನೋಡುತ್ತಿದ್ದಾರೆ, ಇನ್ನೂ ನಾಲ್ವರು ಸಿಕ್ಕಿಬಿದ್ದರು. ನಮ್ಮ ಸಾಲಿನವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಊಟದ ಮೇಜಿನಲ್ಲಿ ನಾನು ಕುಳಿತರೆ ಎದ್ದು ಹೋಗುತ್ತಾರೆ. ನನ್ನ ಕೋಣೆಯ ಕಣ್ಣೂರಿನ ಹುಡುಗಿ ಮಾತ್ರ ಏನೂ ಆಗಿಲ್ಲವೆಂಬಂತೆ ಕಟ್ಟನ್ ಚಹಾ, ಅಂದರೆ ಹಾಲಿಲ್ಲದ ಚಹಾ, ತಂದಿಟ್ಟು, ಅವಳ ಕೈಯನ್ನೇ ಮುಂದೆ ಚಾಚುತ್ತಾಳೆ, ಹತ್ತರ ಲೆಕ್ಕಕ್ಕೆ.

ಅನಾಟಮಿ ಇನ್ನೂ ಹಾಗೆಯೇ ಇದೆ. ಬಿಡಬೇಕೋ ಬೇಡವೋ ಗೊತ್ತಿಲ್ಲ, ಪರೀಕ್ಷೆಯವರೆಗೆ ಇರುತ್ತೇನೆ.

ಅರ್ಧದಾರಿ · ಶನಿವಾರ, ಸಂಜೆ 7.15

ಆ ನಾಲ್ವರಲ್ಲಿ ಒಬ್ಬಳು ಒಂದು ದಿನ ನಿನ್ನ ಬಳಿ ಬರುತ್ತಾಳೆ ಎಂದು ಹೇಳಲಾರೆ. ಬರದೆಯೂ ಇರಬಹುದು. ಕಣ್ಣೂರಿನವಳನ್ನು ಬಿಡಬೇಡ.

ಮಲ್ಪೆ_ಬೂತಾಯಿ · ಶನಿವಾರ, ರಾತ್ರಿ 8.00

ನಾನು ಬುಧವಾರ ಬರೆದದ್ದನ್ನು ಅಳಿಸಬೇಕೆಂದಿದ್ದೆ. ಈಗ ಗೆರೆ ಎಳೆದು ಸಹಿ ಹಾಕಿದ್ದೇನೆ ಎಂದು ತಿಳಿಯಿರಿ, ಕೆಳಗಿನದು ಓದಲು ಬರಲಿ.

ಮಳೆಗಾಲಕ್ಕೆ ಈಗಲೇ ಮೂರನೆಯ ಜೊತೆ ಸಮವಸ್ತ್ರ ಹೊಲಿಸಿಕೊಳ್ಳಿ. ಜೂನ್ ಬಂದ ಮೇಲೆ ದರ್ಜಿಗಳು ಸಿಗುವುದಿಲ್ಲ, ಎಲ್ಲರೂ ಶಾಲೆಯ ಮಕ್ಕಳ ಬಟ್ಟೆಯಲ್ಲಿರುತ್ತಾರೆ.

ಬಿಳಿಟೊಪ್ಪಿ · ಶನಿವಾರ, ರಾತ್ರಿ 8.50

ಅಳಬೇಡ ಎಂದಿದ್ದೆ, ಅತ್ತೆ. ಇರಲಿ. ಇವತ್ತು ಅಜ್ಜಿಯ ಬಿ.ಪಿ. ಎಷ್ಟು?

ಜೋಳದರೊಟ್ಟಿ · ಶನಿವಾರ, ರಾತ್ರಿ 9.05

ಬಲಗೈ, ಮಲಗಿದ್ದಾಗ, 148/90. ಅರ್ಧ ನಿಮಿಷ ಬಿಟ್ಟು ಎರಡನೆಯ ಸಲ 150/90. ಉಸಿರು 17, ಪೂರ್ತಿ ಎಣಿಸಿದೆ. ನಾನು ಎಣಿಸುತ್ತಿದ್ದೇನೆಂದು ಗೊತ್ತಾಗಿ ಅಜ್ಜಿ ನಡುವೆ ಮಾತನಾಡಿಸಿಬಿಟ್ಟರು, ಅದಕ್ಕೆ ಮೊದಲಿನಿಂದ ಎಣಿಸಬೇಕಾಯಿತು.